ತೊಂದರಪಡಕಂಡಿ

ಕೋನೇರು ಹಂಪಿ ಎಂಬ ಹೆಸರನ್ನು ಪತ್ರಿಕೆಗಳ ಕ್ರೀಡಾಪುಟದಲ್ಲಿ ನೀವು ಎಷ್ಟೋ ಸಲ ಓದಿರುತ್ತೀರಿ. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಮೊದಲ ಸಲ ಓದಿದಾಗಲೇ ಇದು ನಮ್ಮ ಕಡೆಯ ಹೆಸರು ಅನ್ನಿಸಿತ್ತು. ಬ್ಯಾಂಕಿನ ಕೆಲಸ ನನ್ನನ್ನು ಆಂಧ್ರಕ್ಕೆ ತಂದುಹಾಕಿ, ತೆಲುಗು ಕಿವಿಗೆ ಒಗ್ಗಿದ ಮೇಲೆ ಇನ್ನೊಂದು ಸೋಜಿಗ ತಿಳಿಯಿತು. ತೆಲುಗಿನಲ್ಲಿ ಕೋನೇರು ಎಂದರೆ ಗುಡಿಯ ಕಲ್ಯಾಣಿ, ಪುಷ್ಕರಣಿ. ಹೆಸರನ್ನು ಬಿಡಿಸಿ ಓದಿದರೆ ಹಂಪಿಯ ಪುಷ್ಕರಣಿಯೇ ಎದುರಿಗೆ ಬಂದು ನಿಲ್ಲುತ್ತದೆ! ಮಹಾನವಮಿ ದಿಬ್ಬದ ಹತ್ತಿರದ ಆ ಕಪ್ಪುಕಲ್ಲಿನ ಮೆಟ್ಟಿಲುಗಳನ್ನು ನೋಡಿದವರಿಗೆ ಚದುರಂಗದ ಮನೆಗಳು ನೆನಪಾಗದೆ ಇರುವುದಿಲ್ಲ.

ನಿಜಕ್ಕೂ ಆ ಹೆಸರಿಗೂ ನಮ್ಮ ಹಂಪಿಗೂ ನಂಟಿಲ್ಲ. ಅವರ ತಂದೆ ಕೋನೇರು ಅಶೋಕ್ ಸ್ವತಃ ಚೆಸ್ ಆಟಗಾರರು. ಮಗಳಿಗೆ ಹೆಸರಿಡುವಾಗ ‘ಚಾಂಪಿಯನ್’ ಎಂಬ ಪದದ ನಡುವಿನಿಂದ ‘ಹಂಪಿ’ಯನ್ನು ಹೆಕ್ಕಿಕೊಂಡರು. ಆಮೇಲೆ ರಷ್ಯನ್ ಹೆಸರಿನಂತೆ ಕೇಳಿಸಲಿ ಎಂದು ಇಂಗ್ಲಿಷ್ ಕಾಗುಣಿತವನ್ನು ಸ್ವಲ್ಪ ಬದಲಿಸಿದರು. ಆದರೂ ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತಾಗಲೆಲ್ಲ ನನಗೆ ನಂಟು ಕಾಣುತ್ತದೆ. ಟಿ.ಬಿ. ಡ್ಯಾಮಿನಿಂದ ಬಿಟ್ಟ ನೀರು ಹಂಪಿಯ ಬಂಡೆಗಳ ನಡುವೆ ಹರಿದು, ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಸೇರಿ, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ಇಲ್ಲಿಗೇ ಬಂದು ನಿಲ್ಲುತ್ತದೆ. ನಾನೂ ಅದೇ ನೀರಿನ ದಾರಿ ಹಿಡಿದು ಬಂದವನು. ಮೊದಲು ಎರಡು ವರ್ಷ ವಿಜಯವಾಡ, ಈಗ ಏಳು ವರ್ಷದಿಂದ ವಿಶಾಖಪಟ್ಟಣ.

ಚೆಸ್ ಹುಚ್ಚಿನವನಿಗೆ ಇದಕ್ಕಿಂತ ಒಳ್ಳೆಯ ವರ್ಗಾವಣೆ ಸಿಗಲಾರದು. ಗುಂಟೂರಿನ ಪೆಂಟಾಲ ಹರಿಕೃಷ್ಣ ಗ್ರಾಂಡ್‌ಮಾಸ್ಟರ್ ಆದದ್ದು 2001ರಲ್ಲಿ. ಗುಡಿವಾಡದಲ್ಲಿ ಹುಟ್ಟಿ ವಿಜಯವಾಡದಲ್ಲಿ ನೆಲೆಸಿದ ಹಂಪಿ 2002ರಲ್ಲಿ, 15 ವರ್ಷ 1 ತಿಂಗಳು 27 ದಿನದ ಹುಡುಗಿಯಾಗಿದ್ದಾಗ. ಯೂದಿತ್ ಪೋಲ್ಗಾರ್ ಅವರ ದಾಖಲೆಯನ್ನು ಅದು ಮೂರು ತಿಂಗಳ ಅಂತರದಲ್ಲಿ ಮುರಿಯಿತು. ಗುಂಟೂರು ಕಡೆಯವರೇ ಆದ ದ್ರೋಣವಲ್ಲಿ ಹಾರಿಕಾ 2011ರಲ್ಲಿ ಆದರು. ಕೃಷ್ಣೆಯ ಎರಡು ದಡದಲ್ಲಿ, ಒಂದು ಗಂಟೆ ಬಸ್ಸಿನ ಅಂತರದಲ್ಲಿ ಇಷ್ಟು ಜನ! ನಮ್ಮ ಕರ್ನಾಟಕಕ್ಕೆ ಮೊದಲ ಗ್ರಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್ ಅವರಿಂದ. ಅಷ್ಟರಲ್ಲಿ ಈ ಕಡೆಯವರು ಹದಿನಾರು ವರ್ಷ ಮುಂದಿದ್ದರು.

ನಾನು ಆಡುವುದು ಸಾಧಾರಣ ಆಟ. ಗ್ರಾಂಡ್‌ಮಾಸ್ಟರ್‌ಗಳ ಆಟ ನೋಡುವುದರಲ್ಲಿ ಮಾತ್ರ ನನಗೆ ತೃಪ್ತಿಯೇ ಇಲ್ಲ. ಕ್ರಿಕೆಟ್ ಹುಚ್ಚಿನವರು ಹಳೆಯ ಇನ್ನಿಂಗ್ಸ್‌ಗಳನ್ನು ನೆನೆಸಿಕೊಂಡು ಚಪ್ಪರಿಸುವ ಹಾಗೆ ನಾನು ಹಳೆಯ ಚೆಸ್ ಆಟಗಳನ್ನು ಮರದ ಬೋರ್ಡಿನ ಮೇಲೆ ಮತ್ತೆ ಆಡಿಸುತ್ತೇನೆ. ಇದರಲ್ಲಿ ಒಂದು ಸುಖವಿದೆ. ಕ್ರಿಕೆಟ್ಟಿನ ಆ ಇನ್ನಿಂಗ್ಸನ್ನು ನೀವು ನೆನೆಯಬಹುದು, ಅಷ್ಟೇ. ಚೆಸ್ ಆಟವನ್ನು ಒಂದೊಂದು ನಡೆಯೂ ತಪ್ಪದಂತೆ ನಿಮ್ಮ ಊಟದ ಮೇಜಿನ ಮೇಲೆ ಮತ್ತೆ ನಡೆಸಬಹುದು. ನೂರು ವರ್ಷದ ಹಿಂದೆ ತೀರಿಕೊಂಡವರ ಕೈಯಲ್ಲಿದ್ದ ಕುದುರೆ ನಿಮ್ಮ ಕೈಯಲ್ಲಿರುತ್ತದೆ.

ಈ ಚಟಕ್ಕೆ ವಿಶಾಖಪಟ್ಟಣದಲ್ಲಿ ಜೊತೆಯಾದವರು ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯ ನಿವೃತ್ತ ಗಣಿತದ ಮೇಷ್ಟ್ರು. ಕಟ್ಟಡದವರೆಲ್ಲ ಅವರನ್ನು ‘ಮಾಸ್ಟಾರು’ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನನ್ನ ತೆಲುಗು ಅರ್ಧ ಬಂದದ್ದೇ ಅವರ ಜೊತೆ ಟೆರೇಸಿನ ಮೇಲೆ ಆಡುತ್ತಾ. ನಮ್ಮ ಕುದುರೆ ಅವರಿಗೆ ಗುರ್ರಂ, ನಮ್ಮ ಸಿಪಾಯಿ ಅವರಿಗೆ ಬಂಟು. ಬಂಟ ಎಂಬ ಪದ ನಮಗೇನು ಹೊಸದಲ್ಲವಲ್ಲ, ಅದಕ್ಕೆ ಬೇಗ ನಾಲಿಗೆಗೆ ಹತ್ತಿತು. ಹೊಸದರಲ್ಲಿ ನನ್ನನ್ನು ಬೇಸ್ತು ಬೀಳಿಸಿದ್ದು ಬೇರೊಂದು ಮಾತು. ನಾನು ಕಾಯಿಗೆ ಕೈ ಹಾಕಿದಾಗಲೆಲ್ಲ ಅವರು ‘ತೊಂದರಪಡಕಂಡಿ’ ಎನ್ನುತ್ತಿದ್ದರು. ತೊಂದರೆ ತಗೋಬೇಡಿ ಅಂತಿದ್ದಾರೆ, ಏನು ಸೌಜನ್ಯ, ಅಂದುಕೊಂಡೆ. ಕೆಲವು ದಿನ ಕಳೆದ ಮೇಲೆ ಗೊತ್ತಾಯಿತು, ತೆಲುಗಿನಲ್ಲಿ ತೊಂದರ ಎಂದರೆ ಅವಸರ. ಅವಸರ ಮಾಡಬೇಡಿ ಎನ್ನುತ್ತಿದ್ದರು!

ಎರಡು ಭಾಷೆಗಳು ಒಂದೇ ಪದವನ್ನು ಹಂಚಿಕೊಂಡು, ಒಂದು ಅದಕ್ಕೆ ಅವಸರವೆಂದೂ ಇನ್ನೊಂದು ಕಷ್ಟವೆಂದೂ ಅರ್ಥ ಕಟ್ಟಿದೆ. ಚೆಸ್ ಆಡುವವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಅವಸರ ಮೊದಲು ಬರುತ್ತದೆ, ಕಷ್ಟ ಅದರ ಹಿಂದೆಯೇ ಬರುತ್ತದೆ. ಆಗಿನಿಂದ ಯಾವ ದೊಡ್ಡ ಆಟ ನೋಡಿದರೂ ನಾನು ಆ ಒಂದು ಪದ ಹಿಡಿದುಕೊಂಡೇ ನೋಡುತ್ತೇನೆ. ಇಲ್ಲಿ ಯಾರು ತೊಂದರಪಟ್ಟರು, ಯಾರು ಪಡಲಿಲ್ಲ?

ಮಾಸ್ಟಾರು ಎಲ್ಲರಿಗಿಂತ ಹೆಚ್ಚು ಪ್ರೀತಿಸುವ ಆಟ 1907ರದು. ಇಂದಿನ ಪೋಲೆಂಡಿನ ಲೋಡ್ಜ್ ನಗರದಲ್ಲಿ ರೋಟ್ಲೆವಿ ಬಿಳಿ, ಅಕಿಬಾ ರೂಬಿನ್‌ಸ್ಟೈನ್ ಕಪ್ಪು. ಇಪ್ಪತ್ತೈದು ನಡೆಗಳ ಸಣ್ಣ ಆಟ. ಇಪ್ಪತ್ತೆರಡನೆಯ ನಡೆಯಲ್ಲಿ ರೂಬಿನ್‌ಸ್ಟೈನ್ ತನ್ನ ಮಂತ್ರಿಯನ್ನು (ನಮ್ಮ ಕಡೆ ರಾಣಿಗೆ ಮಂತ್ರಿ ಎನ್ನುವುದೇ ರೂಢಿ) ಎದುರಾಳಿಯ ಸಿಪಾಯಿಯ ಬಾಯಿಗೇ ಬಿಟ್ಟು, ಆನೆಯಿಂದ ಕುದುರೆಯನ್ನು ಹೊಡೆಯುತ್ತಾನೆ. ರೋಟ್ಲೆವಿ ಮಂತ್ರಿಯನ್ನು ತಿನ್ನುತ್ತಾನೆ. ಕೂಡಲೇ ರೂಬಿನ್‌ಸ್ಟೈನ್ ಇನ್ನೊಂದು ಆನೆಯನ್ನೂ ಅರ್ಪಿಸುತ್ತಾನೆ. ಅದನ್ನೂ ತಿಂದ ಬಿಳಿಗೆ ಮುಂದೆ ದಾರಿಯೇ ಇಲ್ಲ. ದೂರದಲ್ಲಿ ಸದ್ದಿಲ್ಲದೆ ಕೂತಿದ್ದ ಕಪ್ಪಿನ ಎರಡು ಒಂಟೆಗಳು ಕತ್ತರಿಯ ಅಲಗಿನ ಹಾಗೆ ರಾಜನ ಮೇಲೆ ಸೇರುತ್ತವೆ.

ನೋಡುವವರ ಕಣ್ಣು ಸಹಜವಾಗಿ ಮಂತ್ರಿಯ ಬಲಿಗೆ ಹೋಗುತ್ತದೆ. ಮಾಸ್ಟಾರು ಬೆರಳಿಟ್ಟು ತೋರಿಸುವುದು ಒಂಟೆಗಳನ್ನು. ‘ಇವೆರಡೂ ಎಷ್ಟು ಹೊತ್ತಿನಿಂದ ಇಲ್ಲಿ ಕೂತಿವೆ ನೋಡಿ ಬಾಬೂ, ಇವಕ್ಕೇನು ತೊಂದರ ಇಲ್ಲ’ ಎನ್ನುತ್ತಾರೆ. ಬಲಿ ಕೊಟ್ಟದ್ದು ಇಪ್ಪತ್ತೆರಡನೆಯ ನಡೆಯಲ್ಲಾದರೂ ಅದಕ್ಕೆ ಬೇಕಾದ ಎಲ್ಲವನ್ನೂ ಮೊದಲೇ ಜೋಡಿಸಿ ಇಟ್ಟಾಗಿತ್ತು.

ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಅದೇ ಒಂಟೆಗಳ ಆಟ ಮತ್ತೊಮ್ಮೆ ನಡೆಯಿತು. 2013ರ ಜನವರಿ, ನೆದರ್ಲ್ಯಾಂಡಿನ ಕಡಲತೀರದ ಸಣ್ಣ ಹಳ್ಳಿ ವೈಕ್ ಆನ್ ಜೀ. ಅಲ್ಲಿನ ಉಕ್ಕಿನ ಕಾರ್ಖಾನೆಯವರು 1938ರಲ್ಲಿ ಶುರುಮಾಡಿದ ಟೂರ್ನಿ ಅದು. ಈಗ ಟಾಟಾ ಸ್ಟೀಲ್ ಹೆಸರಿನಲ್ಲಿ ನಡೆಯುತ್ತದೆ, ಕೊನೆಯಲ್ಲಿ ಎಲ್ಲರಿಗೂ ಬಟಾಣಿ ಸೂಪು ಬಡಿಸುವ ಪದ್ಧತಿ ಇನ್ನೂ ಇದೆ. ಕಡಲು ಮತ್ತು ಉಕ್ಕು ಎರಡೂ ಇರುವ ವಿಶಾಖಪಟ್ಟಣದವರಿಗೆ ಆ ಊರು ದೂರದ್ದೆನಿಸುವುದಿಲ್ಲ. ಅಲ್ಲಿ ಲೆವೊನ್ ಅರೋನಿಯನ್ ಬಿಳಿ, ನಮ್ಮ ವಿಶ್ವನಾಥನ್ ಆನಂದ್ ಕಪ್ಪು. ಆನಂದ್ ಹದಿನೈದನೆಯ ನಡೆಯಲ್ಲಿ ಒಂಟೆಯನ್ನೂ ಹದಿನಾರನೆಯದರಲ್ಲಿ ಕುದುರೆಯನ್ನೂ ‘ತಗೋ’ ಎಂಬಂತೆ ಬೋರ್ಡಿನ ನಡುವೆ ತಂದಿಟ್ಟರು. ಇಪ್ಪತ್ತಮೂರನೆಯ ನಡೆಗೆ ಅರೋನಿಯನ್ ಕೈಚೆಲ್ಲಿದರು. ಜಗತ್ತಿನ ಚೆಸ್ ಪ್ರಿಯರೆಲ್ಲ ಒಟ್ಟಿಗೇ ನೆನೆಸಿಕೊಂಡದ್ದು ರೂಬಿನ್‌ಸ್ಟೈನನ್ನು.

ಆ ಆಟದ ಹಿಂದೆ ಇನ್ನೊಂದು ಕಥೆಯಿದೆ. ಆನಂದ್ ಆ ಸಿದ್ಧತೆ ಮಾಡಿಕೊಂಡದ್ದು ಅರೋನಿಯನ್‌ಗಾಗಿ ಅಲ್ಲ. 2012ರಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡ್ ವಿರುದ್ಧ ನಡೆದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯಕ್ಕಾಗಿ. ಅಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ಬಳಸದೆ ಉಳಿದ ಮನೆಗೆಲಸ ಹಾಳಾಯಿತು ಎಂದು ಯಾರಿಗಾದರೂ ಅನ್ನಿಸಬಹುದಿತ್ತು. ಅದು ಡಬ್ಬಿಯಲ್ಲಿಟ್ಟ ಉಪ್ಪಿನಕಾಯಿಯ ಹಾಗೆ ಇತ್ತು, ಮರುವರ್ಷ ಊಟಕ್ಕೆ ಒದಗಿತು. ಮಕ್ಕಳಿಗೆ ಪರೀಕ್ಷೆಗೆ ಬಾರದ ಪಾಠ ಓದಿಸುವಾಗ ನಾನು ಈ ಆಟವನ್ನು ನೆನೆಯುತ್ತೇನೆ.

ಹೊಸ ತಲೆಮಾರಿನ ಆಟಗಳಲ್ಲಿ ನಾನು ಹೆಚ್ಚು ಸಲ ಮರಳಿ ನೋಡಿದ್ದು 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದದ್ದು. ಡಿಂಗ್ ಲಿರೆನ್ ಮತ್ತು ಗುಕೇಶ್ ನಡುವಿನ ವಿಶ್ವ ಚಾಂಪಿಯನ್‌ಶಿಪ್ಪಿನ ಹದಿನಾಲ್ಕನೆಯ, ಕೊನೆಯ ಆಟ. ಇಬ್ಬರಿಗೂ ತಲಾ ಆರೂವರೆ ಅಂಕ. ಈ ಆಟವೂ ಡ್ರಾ ಆದರೆ ಮರುದಿನ ವೇಗದ ಆಟಗಳಲ್ಲಿ ತೀರ್ಮಾನ. ಬಿಳಿಕಾಯಿ ಹಿಡಿದ ಡಿಂಗ್‌ಗೆ ಒಂದು ಸಿಪಾಯಿ ಕಡಿಮೆಯಿತ್ತು. ಇಬ್ಬರ ಬಳಿಯೂ ಒಂದೊಂದು ಆನೆ, ಒಂದೊಂದು ಒಂಟೆ. ಪಂಡಿತರೆಲ್ಲ ಡ್ರಾ ಎಂದು ಷರಾ ಬರೆದಾಗಿತ್ತು. ಗುಕೇಶ್ ಎದ್ದು ಕೈಕುಲುಕಬಹುದಿತ್ತು, ಕುಲುಕಲಿಲ್ಲ. ಕೂತೇ ಇದ್ದರು. ಅಪಾಯವಿಲ್ಲದೆ ಒಂದೊಂದೇ ನಡೆ ನಡೆಸುತ್ತಾ, ಎದುರಿನವರಿಗೆ ‘ನೀನೂ ಯೋಚಿಸುತ್ತಲೇ ಇರಬೇಕು’ ಎನ್ನುವಂತೆ. ಡಿಂಗ್ ಗಡಿಯಾರದಲ್ಲಿ ಉಳಿದ ಸಮಯ ಗುಕೇಶ್‌ಗಿಂತ ಬಹಳ ಕಡಿಮೆ.

ಐವತ್ತೈದನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2 ಮನೆಗೆ ತಂದರು. ಆನೆಗಳನ್ನು ಬದಲಾಯಿಸಿಕೊಂಡು ಬೇಗ ಡ್ರಾ ಮಾಡಿಕೊಳ್ಳುವ ಆಸೆ. ಆದರೆ ಅವರ ಒಂಟೆ ಬೋರ್ಡಿನ ದೂರದ ಮೂಲೆಯಲ್ಲಿ ಕೂತಿತ್ತು. ಆನೆಗಳು ಹೋದ ಕೂಡಲೇ ಗುಕೇಶ್ ತಮ್ಮ ಒಂಟೆಯನ್ನು ಅದರ ಎದುರಿಗೆ ತಂದು ನಿಲ್ಲಿಸಿದರೆ ಅದಕ್ಕೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಒಂಟೆಗಳೂ ಹೋದರೆ ಉಳಿಯುವುದು ರಾಜರು ಮತ್ತು ಸಿಪಾಯಿಗಳು, ಆಗ ಆ ಒಂದು ಹೆಚ್ಚಿನ ಸಿಪಾಯಿಯೇ ಸಾಮ್ರಾಜ್ಯ. ಇದರಲ್ಲಿ ನನಗೆ ಇಷ್ಟವಾದ ವಿವರ ಒಂದಿದೆ. ಆ ತಪ್ಪು ಗುಕೇಶ್‌ಗೂ ಮೊದಲಿಗೆ ಕಾಣಲಿಲ್ಲ, ಬೇರೆ ನಡೆ ಆಡುವವರಿದ್ದರು ಎಂದು ಅವರೇ ಆಮೇಲೆ ಹೇಳಿದರು. ಕೈ ಮುಂದೆ ಹೋಗುವ ಮೊದಲು ಇನ್ನೊಮ್ಮೆ ನೋಡಿದರು, ಅಷ್ಟೇ. ಐವತ್ತೆಂಟನೆಯ ನಡೆಗೆ ಆಟ ಮುಗಿಯಿತು. ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್. ಅಳುತ್ತಲೇ ಆತ ಕಾಯಿಗಳನ್ನೆಲ್ಲ ಮತ್ತೆ ಮೊದಲಿನ ಮನೆಗಳಲ್ಲಿ ಜೋಡಿಸಿಟ್ಟದ್ದನ್ನು ನೀವೂ ನೋಡಿರುತ್ತೀರಿ.

ಆ ಗೆಲುವಿನ ಹಿಂದಿನ ತಂಡದಲ್ಲಿ ನಮ್ಮ ಗುಂಟೂರಿನ ಹರಿಕೃಷ್ಣ ಇದ್ದರೆಂದು ಪಂದ್ಯ ಮುಗಿದ ಮೇಲೆ ಗೊತ್ತಾಯಿತು. ಮರುದಿನ ಮಾಸ್ಟಾರು ಇಡೀ ಅಪಾರ್ಟ್‌ಮೆಂಟಿಗೆ ಪೂತರೇಕು ಹಂಚಿದರು. ‘ನಮ್ಮ ಗುಂಟೂರು’ ಎಂದು ನಾನೂ ಬರೆದೆ ನೋಡಿ. ಏಳೆಂಟು ವರ್ಷ ಒಂದು ನೆಲದ ಅನ್ನ ಉಂಡರೆ ಹೀಗಾಗುತ್ತದೆ.

ಇಷ್ಟೆಲ್ಲ ಆಟ ನೋಡುವ ಮನೆಯಲ್ಲಿ ಬೆಳೆದ ನನ್ನ ಮಗಳು ಆಡದೆ ಇರುತ್ತಾಳೆಯೇ? ಆರನೆಯ ವರ್ಷಕ್ಕೆ ಬೋರ್ಡಿನ ಮುಂದೆ ಕೂತಳು, ಹತ್ತನೆಯ ವರ್ಷಕ್ಕೆ ನನ್ನನ್ನು ಸೋಲಿಸತೊಡಗಿದಳು. ಹನ್ನೆರಡು ತುಂಬಿದಾಗ ಅವಳ ತರಬೇತುದಾರರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಮಾತು ಮುಂದಿಟ್ಟರು. ಹುಡುಗಿಗೆ ಕೈಯಿದೆ. ಮುಂದಕ್ಕೆ ಹೋಗಬೇಕಾದರೆ ಇದೇ ವಯಸ್ಸು. ಎಂಟನೇ ತರಗತಿಯಿಂದ ದಿನದ ಶಾಲೆ ಬಿಡಿಸಿ, ಪರೀಕ್ಷೆಗೆ ಮಾತ್ರ ಕೂರಿಸಿ, ದಿನಕ್ಕೆ ಏಳೆಂಟು ಗಂಟೆ ಆಟಕ್ಕೆ ಕೊಡಿ. ಮನೆಯಲ್ಲಿ ಒಬ್ಬರು ಕೆಲಸ ಬಿಟ್ಟರೆ ಟೂರ್ನಿಗಳಿಗೆ ಕರೆದೊಯ್ಯಲು ಅನುಕೂಲ.

ಆ ಸಲಹೆಯಲ್ಲಿ ಕೇಡೇನೂ ಇರಲಿಲ್ಲ. ಈ ನೆಲದಲ್ಲಿ ಅದಕ್ಕೆ ದೊಡ್ಡ ಮೇಲ್ಪಂಕ್ತಿಯೂ ಇದೆ. ಕೋನೇರು ಅಶೋಕ್ ರಸಾಯನಶಾಸ್ತ್ರದ ಉಪನ್ಯಾಸಕರಾಗಿದ್ದವರು. ಮಗಳ ಆಟಕ್ಕಾಗಿ ಆ ಕೆಲಸ ಬಿಟ್ಟು, ತಾವೇ ಗುರುವಾದರು. ಮಗಳು ಹತ್ತು, ಹನ್ನೆರಡು, ಹದಿನಾಲ್ಕು ವರ್ಷದೊಳಗಿನ ಬಾಲಕಿಯರ ವಿಶ್ವ ಪ್ರಶಸ್ತಿಗಳನ್ನು ಗೆದ್ದಳು, 2001ರಲ್ಲಿ ಜೂನಿಯರ್ ಬಾಲಕಿಯರ ವಿಶ್ವ ಪ್ರಶಸ್ತಿಯನ್ನೂ ತಂದಳು. ಆ ತಂದೆಯ ಧೈರ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಂಪ್ಯೂಟರಿನಲ್ಲಿ ಉಚಿತವಾಗಿ ಆಟಗಳು ಸಿಗದ ಕಾಲ, ಹುಡುಗಿಯರು ಈ ಆಟದಿಂದ ಬದುಕು ಕಟ್ಟಿಕೊಂಡ ಉದಾಹರಣೆ ಊರಲ್ಲಿ ಇಲ್ಲದ ಕಾಲ. ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ರಾತ್ರಿಗಟ್ಟಲೆ ಇದನ್ನೇ ಮಾತಾಡಿದೆವು. ಹೊಸಪೇಟೆಯಿಂದ ಅಪ್ಪ ಫೋನಿನಲ್ಲಿ ‘ಆಟ ಊಟ ಹಾಕ್ತದೇನೋ?’ ಎಂದರು. ಮಗಳು ಏನೂ ಅನ್ನಲಿಲ್ಲ. ಅವಳು ಏನೂ ಅನ್ನದೆ ಇದ್ದದ್ದೇ ನಮಗೆ ಹೆಚ್ಚು ಭಾರವಾಗಿತ್ತು.

ಆ ತೀರ್ಮಾನ ಬಾಕಿಯಿದ್ದಾಗಲೇ 2025ರ ಬೇಸಿಗೆಯಲ್ಲಿ ವಿಜಯವಾಡದಲ್ಲಿ ಒಂದು ಮಕ್ಕಳ ಟೂರ್ನಿಗೆ ಹೋದೆವು. ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಆರು ಗಂಟೆಯ ದಾರಿ. ತುನಿ, ಸಾಮರ್ಲಕೋಟ, ರಾಜಮಂಡ್ರಿಯ ಗೋದಾವರಿ ಸೇತುವೆ, ಏಲೂರು. ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಎಂದು ತೆಲುಗರು ಹೇಳುವುದು ವಿಜಯವಾಡವನ್ನು ನೋಡಿಯೇ ಇರಬೇಕು. ಕನಕದುರ್ಗಮ್ಮನ ಬೆಟ್ಟದ ಬಂಡೆ ರಾತ್ರಿ ಹತ್ತಕ್ಕೂ ಕಾವು ಬಿಡುತ್ತಿತ್ತು.

ಮಕ್ಕಳ ಟೂರ್ನಿಯ ಹೊರಗಿನ ವರಾಂಡ ನೀವು ನೋಡಿರದಿದ್ದರೆ ಒಮ್ಮೆ ನೋಡಬೇಕು. ಒಳಗೆ ಸೂಜಿ ಬಿದ್ದರೂ ಕೇಳುವ ಮೌನ. ಹೊರಗೆ ಅಪ್ಪ ಅಮ್ಮಂದಿರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಮಜ್ಜಿಗೆ ಬಾಟಲಿ, ಬಾಳೆಹಣ್ಣು, ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು. ಬಾಗಿಲು ತೆರೆದು ಮಗು ಹೊರಬಂದಾಗ ಯಾರೂ ಮೊದಲು ಮುಖ ನೋಡುವುದಿಲ್ಲ, ನಡಿಗೆ ನೋಡುತ್ತಾರೆ. ಗೆದ್ದ ಮಗು ಓಡಿ ಬರುತ್ತದೆ. ಸೋತದ್ದು ಶೂ ಲೇಸು ಕಟ್ಟಿಕೊಳ್ಳುತ್ತಾ ಸಮಯ ಕಳೆಯುತ್ತದೆ.

ನನ್ನ ಮಗಳು ಮೊದಲ ದಿನ ಎರಡೂ ಸುತ್ತು ಸೋತಳು. ಎರಡನೆಯ ದಿನ ಬೆಳಿಗ್ಗೆಯದನ್ನೂ ಸೋತಳು. ಗೆಲ್ಲುವ ಸ್ಥಿತಿಯಲ್ಲಿದ್ದು, ಗಡಿಯಾರದಲ್ಲಿ ಅರ್ಧ ಗಂಟೆ ಉಳಿದಿದ್ದರೂ ಪಟಪಟನೆ ಆಡಿ, ಆನೆ ಕಳೆದುಕೊಂಡು. ‘ಅಪ್ಪ, ಮಧ್ಯಾಹ್ನದ ಟ್ರೈನಿಗೆ ಹೋಗೋಣ’ ಎಂದಳು. ‘ಇನ್ನು ಆಡಿ ಏನುಪಯೋಗ?’

ಉಪದೇಶ ಮಾಡುವ ಹೊತ್ತಲ್ಲ ಅದು. ಲಾಡ್ಜಿನ ರೂಮಿನಲ್ಲಿ ಊಟ ಮುಗಿಸಿ, ಫೋನಿನಲ್ಲಿ ಒಂದು ಟೂರ್ನಿಯ ಅಂಕಪಟ್ಟಿ ತೆಗೆದು ಅವಳ ಕೈಗೆ ಕೊಟ್ಟೆ. ಅದು 2024ರ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳೆಯರ ವಿಶ್ವ ರ್‍ಯಾಪಿಡ್ ಚಾಂಪಿಯನ್‌ಶಿಪ್. ‘ಮೊದಲ ಸುತ್ತಿನಲ್ಲಿ ಹಂಪಿ ಹೆಸರಿನ ಮುಂದೆ ಏನಿದೆ ನೋಡು’ ಎಂದೆ. ಸೊನ್ನೆಯಿತ್ತು. ಮೂವತ್ತೇಳು ವರ್ಷದ, ಮಾಜಿ ಚಾಂಪಿಯನ್ ಆದ ಹೆಂಗಸು ಮೊದಲ ಆಟವನ್ನೇ ಸೋತಿದ್ದರು. ಒಟ್ಟು ಹನ್ನೊಂದು ಸುತ್ತು. ಮಗಳು ಬೆರಳು ಜರುಗಿಸುತ್ತಾ ಎಣಿಸಿದಳು. ಉಳಿದ ಹತ್ತು ಆಟಗಳಿಂದ ಎಂಟೂವರೆ ಅಂಕ. ಕೊನೆಯ ಸುತ್ತಿನಲ್ಲಿ ಇಂಡೊನೇಷ್ಯಾದ ಐರೀನ್ ಸುಕಂದರ್ ವಿರುದ್ಧ ಕಪ್ಪುಕಾಯಿ ಹಿಡಿದು ಗೆಲುವು. ಆ ಗೆಲುವಿನಿಂದ ಎರಡನೆಯ ಸಲ ವಿಶ್ವ ರ್‍ಯಾಪಿಡ್ ಪ್ರಶಸ್ತಿ. ಅದುವರೆಗೆ ಚೀನಾದ ಜು ವೆನ್‌ಜುನ್ ಬಿಟ್ಟರೆ ಬೇರಾರೂ ಅದನ್ನು ಎರಡು ಸಲ ಗೆದ್ದಿರಲಿಲ್ಲ.

ಇಂಥ ಟೂರ್ನಿಗಳು ನಡೆಯುವುದು ಸ್ವಿಸ್ ಪದ್ಧತಿಯಲ್ಲಿ. ಸೋತವರು ಮನೆಗೆ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ತಮ್ಮಷ್ಟೇ ಅಂಕ ಪಡೆದವರ ಜೊತೆ ಕೂರುತ್ತಾರೆ. ಮೊದಲು ಸೋತರೆ ಕೆಳಗಿನ ಟೇಬಲ್ಲಿಗೆ ಹೋಗಿ, ಅಲ್ಲಿಂದ ಒಂದೊಂದೇ ಟೇಬಲ್ ಹತ್ತಬೇಕು. ಹತ್ತುವವರಿಗೆ ಹತ್ತಲು ಮೆಟ್ಟಿಲು ಇದ್ದೇ ಇರುತ್ತದೆ. ಅವಸರಪಟ್ಟು ಟ್ರೈನು ಹಿಡಿದವರಿಗೆ ಮಾತ್ರ ಇರುವುದಿಲ್ಲ.

ಹಂಪಿಯ ಮೊದಲ ರ್‍ಯಾಪಿಡ್ ಪ್ರಶಸ್ತಿಯ ಕಥೆಯನ್ನೂ ಅವಳಿಗೆ ಹೇಳಿದೆ. ಮಗಳು ಹುಟ್ಟಿದ್ದರಿಂದ ಎರಡು ವರ್ಷ ಆಟದಿಂದ ದೂರವಿದ್ದು, 2018ರಲ್ಲಿ ಜಾರ್ಜಿಯಾದ ಬತೂಮಿಯಲ್ಲಿ ನಡೆದ ಒಲಿಂಪಿಯಾಡಿಗೆ ಅವರು ಮರಳಿದರು. ಮರುವರ್ಷದ ಕೊನೆಗೆ ಮಾಸ್ಕೋದಲ್ಲಿ ಚೀನಾದ ಲೀ ತಿಂಗ್ಜಿ ಜೊತೆ ಸಮಬಲ. ತೀರ್ಮಾನದ ಬ್ಲಿಟ್ಜ್ ಆಟಗಳಲ್ಲಿ ಮೊದಲನೆಯದು ಸೋಲು, ಎರಡನೆಯದು ಗೆಲುವು, ಕೊನೆಯ ಅರ್ಮಗೆಡನ್ ಆಟದಲ್ಲಿ ಕಿರೀಟ. ಹಾರಿಕಾ ಕಥೆಯೂ ಬಂತು. 2022ರಲ್ಲಿ ಮಾಮಲ್ಲಪುರದ ಒಲಿಂಪಿಯಾಡಿನಲ್ಲಿ ತುಂಬು ಗರ್ಭಿಣಿಯಾಗಿ ಬೋರ್ಡಿನ ಮುಂದೆ ಕೂತವರು ಅವರು. ಆ ತಂಡ ಕಂಚು ತಂದಿತು. ‘ಅವರಿಗೆ ಬೆನ್ನು ನೋಯ್ತಿರಲಿಲ್ವಾ?’ ಎಂದು ಕೇಳಿದಳು ಮಗಳು. ‘ನೋಯ್ತಿತ್ತೇನೋ. ಆದ್ರೂ ಕೂತಿದ್ರಲ್ಲ’ ಎಂದೆ.

ಮಧ್ಯಾಹ್ನದ ಸುತ್ತಿಗೆ ಹೋದಳು. ಕೊನೆಯ ಟೇಬಲ್ಲುಗಳಲ್ಲೊಂದರಲ್ಲಿ, ಅವಳಿಗಿಂತ ಚಿಕ್ಕ ಹುಡುಗನೊಬ್ಬನ ಎದುರು. ಬೇರೆ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಹೊರಬಂದು, ವರಾಂಡದ ಕುರ್ಚಿಗಳು ಖಾಲಿಯಾದವು. ಅವಳು ಬರಲಿಲ್ಲ. ಮೂರು ಗಂಟೆ ಕಳೆದ ಮೇಲೆ ಮೆಲ್ಲಗೆ ನಡೆದು ಬಂದಳು. ಓಡಲೂ ಇಲ್ಲ, ಲೇಸು ಕಟ್ಟಲೂ ಇಲ್ಲ. ಡ್ರಾ ಆಗಿತ್ತು. ಅರ್ಧ ಅಂಕ. ‘ಒಂದು ಸಿಪಾಯಿ ಕಡಿಮೆ ಇತ್ತಪ್ಪ, ಹಿಡಿದಿಟ್ಟೆ’ ಎಂದಳು. ಆ ಟೂರ್ನಿಯಲ್ಲಿ ಅವಳು ಎಷ್ಟನೆಯವಳಾಗಿ ಮುಗಿಸಿದಳೆಂದು ನನಗೆ ನೆನಪಿಲ್ಲ. ಆ ಅರ್ಧ ಅಂಕದ ಸ್ಕೋರ್‌ಶೀಟ್ ಮಾತ್ರ ನಮ್ಮ ಫ್ರಿಡ್ಜಿನ ಮೇಲೆ ಇನ್ನೂ ಇದೆ.

ವಾಪಸು ಬರುವಾಗ ರಾಜಮಂಡ್ರಿ ದಾಟುತ್ತಿದ್ದಂತೆ ಅವಳೇ ಮಾತು ತೆಗೆದಳು. ‘ಶಾಲೆ ಬಿಡೋದು ಬೇಡಪ್ಪ. ಆಡೋದು ಮಾತ್ರ ಬಿಡಲ್ಲ.’ ಹನ್ನೆರಡು ವರ್ಷದವಳ ಮಾತನ್ನೇ ಕೊನೆಯ ಮಾತೆಂದು ಹಿಡಿಯಬಹುದೇ ಎಂದು ನೀವು ಕೇಳಬಹುದು. ನಾವು ಹಿಡಿದೆವು. ಹಾಗಂತ ಅಶೋಕ್ ಅವರ ದಾರಿ ನಮಗೆ ಬೇಡವೆನಿಸಿತು ಎಂದಲ್ಲ. ಅಂಥ ದಾರಿ ಹಿಡಿಯುವವರು ಮಗುವಿನ ಜೊತೆ ತಮ್ಮ ಇಡೀ ಬದುಕನ್ನೂ ಬೋರ್ಡಿನ ಮೇಲೆ ಇಡುತ್ತಾರೆ, ಗೆದ್ದವರ ಹೆಸರು ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಆ ವರಾಂಡದ ಕುರ್ಚಿಗಳಲ್ಲಿ ಕೂತ ಎಷ್ಟೋ ಅಪ್ಪ ಅಮ್ಮಂದಿರು ಕೆಲಸ ಬಿಟ್ಟವರು, ಹೊಲ ಮಾರಿದವರು. ಅವರ ಮಕ್ಕಳ ಆಟಗಳಿಗೂ ಅಷ್ಟೇ ಬೆಲೆಯಿದೆ, ಯಾವ ಪುಸ್ತಕದಲ್ಲೂ ಅಚ್ಚಾಗದಿದ್ದರೂ. ನಾವು ತರಬೇತುದಾರರಿಗೆ ಹೇಳಿದ್ದು ಇಷ್ಟೇ: ಶಾಲೆಯೂ ಇರಲಿ, ಆಟವೂ ಇರಲಿ, ಅವಸರ ಬೇಡ. ಅವರು ನಕ್ಕು, ಸಂಜೆಯ ಬ್ಯಾಚಿನಲ್ಲಿ ಅವಳ ಜಾಗ ಹಾಗೇ ಇಟ್ಟರು.

ಅದೇ ವರ್ಷ ಜುಲೈಯಲ್ಲಿ ಮಹಿಳೆಯರ ವಿಶ್ವಕಪ್ ಬತೂಮಿಯಲ್ಲಿ ನಡೆಯಿತು. ಹೌದು, ಹಂಪಿ ಏಳು ವರ್ಷದ ಹಿಂದೆ ಆಟಕ್ಕೆ ಮರಳಿದ ಅದೇ ಊರು. ಸೆಮಿಫೈನಲ್ಲಿನಲ್ಲಿ ಎದುರಾದವರು ಮಾಸ್ಕೋದ ಅದೇ ಲೀ ತಿಂಗ್ಜಿ. ಸಮಬಲದ ಮೇಲೆ ಸಮಬಲ, ನಡುವೆ ಒಂದು ಸೋಲು, ಕೂಡಲೇ ತಿರುಗೇಟು, ಕೊನೆಗೆ ಐದು–ಮೂ‍ರರ ಗೆಲುವು. ಫೈನಲ್ಲಿನಲ್ಲಿ ನಾಗಪುರದ ದಿವ್ಯಾ ದೇಶಮುಖ್. ಹಂಪಿಗೆ ಮೂವತ್ತೆಂಟು, ದಿವ್ಯಾಗೆ ಹತ್ತೊಂಬತ್ತು. ಸರಿಯಾಗಿ ಅರ್ಧ ವಯಸ್ಸು. ಹಂಪಿ ಗ್ರಾಂಡ್‌ಮಾಸ್ಟರ್ ಆದಾಗ ದಿವ್ಯಾ ಹುಟ್ಟಿಯೇ ಇರಲಿಲ್ಲ.

ಎರಡೂ ದೀರ್ಘ ಆಟಗಳು ಡ್ರಾ. ಜುಲೈ 28ರ ಟೈಬ್ರೇಕ್ ನೋಡಲು ಮಾಸ್ಟಾರು ನಮ್ಮ ಮನೆಗೇ ಬಂದರು, ಮಿರಪಕಾಯ ಬಜ್ಜಿಯ ಪೊಟ್ಟಣದ ಸಮೇತ. ಮಗಳು ದಿವ್ಯಾ ಕಡೆ. ಮಾಸ್ಟಾರು ಹಂಪಿ ಕಡೆ. ನಾನು ಯಾವ ಕಡೆಯೆಂದು ಬಾಯಿಬಿಡಲಿಲ್ಲ, ಹೊಸಪೇಟೆಯವನು ಬೇರೆ ಯಾವ ಕಡೆಗಿರುತ್ತಾನೆ! ಮೊದಲ ರ್‍ಯಾಪಿಡ್ ಆಟವೂ ಡ್ರಾ. ಎರಡನೆಯದರಲ್ಲಿ ಬಿಳಿಕಾಯಿ ಹಂಪಿಯದು. ಆಟ ಉದ್ದವಾಯಿತು, ಗಡಿಯಾರ ಇಳಿಯಿತು, ಕೊನೆಕೊನೆಗೆ ಇಬ್ಬರೂ ತಡವರಿಸಿದರು. ಕೊನೆಯ ತಪ್ಪು ಹಂಪಿಯದಾಯಿತು. ದಿವ್ಯಾ ತಾಯಿಯನ್ನು ಅಪ್ಪಿಕೊಂಡು ಅತ್ತಳು. ವಿಶ್ವಕಪ್ಪಿನ ಜೊತೆಗೆ ಗ್ರಾಂಡ್‌ಮಾಸ್ಟರ್ ಪದವಿಯೂ ಆ ಗೆಲುವಿನಿಂದಲೇ ಬಂತು. ಹಂಪಿ, ಹಾರಿಕಾ, ವೈಶಾಲಿಯ ನಂತರ ಆ ಪದವಿ ಪಡೆದ ಭಾರತದ ನಾಲ್ಕನೆಯ ಹೆಣ್ಣುಮಗಳು.

ಮಾಸ್ಟಾರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ತಾತಯ್ಯ, ಬೇಜಾರಾಯ್ತಾ?’ ಎಂದು ಮಗಳು ಕೇಳಿದ್ದಕ್ಕೆ, ‘ಇಲ್ಲ ತಲ್ಲಿ. ಆ ಹುಡುಗಿಗೆ ಎದುರಿಗೆ ಕೂರಲು ಒಬ್ಬ ಹಂಪಿ ಇದ್ದಳು. ಹಂಪಿ ಹುಡುಗಿಯಾಗಿದ್ದಾಗ ಇಲ್ಲಿ ಯಾರಿದ್ದರು?’ ಎಂದರು. ಇಪ್ಪತ್ತಮೂರು ವರ್ಷ ಒಬ್ಬಳು ಎದ್ದು ಹೋಗದೆ ಕೂತಿದ್ದರಿಂದ, ಇಬ್ಬರು ಭಾರತೀಯ ಹೆಣ್ಣುಮಕ್ಕಳು ಎದುರುಬದುರಾಗಿ ಕೂರುವ ಫೈನಲ್ ನಮಗೆ ನೋಡಲು ಸಿಕ್ಕಿತು. ಸೋತ ಆಟವನ್ನೂ ದೊಡ್ಡ ಆಟಗಳ ಪಟ್ಟಿಗೆ ಸೇರಿಸಬಹುದೆಂದು ನನಗೆ ಖಾತ್ರಿಯಾದದ್ದು ಆ ಸಂಜೆ. ಮಗಳು ಆ ಆಟವನ್ನು ತನ್ನ ನೋಟ್‌ಬುಕ್ಕಿನಲ್ಲಿ ಪೂರ್ತಿ ಬರೆದುಕೊಂಡಿದ್ದಾಳೆ. ಗೆದ್ದವಳ ನಡೆಗಳ ಪಕ್ಕದಲ್ಲಿ ಟಿಪ್ಪಣಿ ಕಡಿಮೆ, ಸೋತವಳ ನಡೆಗಳ ಪಕ್ಕದಲ್ಲೇ ಹೆಚ್ಚು.

ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದಿನ ಫ್ಲಾಟುಗಳಲ್ಲಿ ಇದನ್ನು ಓದುತ್ತಿರುವ ನಿಮ್ಮ ಅಟ್ಟದ ಮೇಲೂ ಒಂದು ಚೆಸ್ ಬೋರ್ಡ್ ಇರಬೇಕು, ಒಂದೆರಡು ಸಿಪಾಯಿ ಕಳೆದುಹೋಗಿ. ಅದರ ಜಾಗಕ್ಕೆ ಹುಣಸೆಬೀಜ ಇಟ್ಟರೂ ನಡೆಯುತ್ತದೆ. ಈ ಭಾನುವಾರ ರೂಬಿನ್‌ಸ್ಟೈನನ ಆ ಇಪ್ಪತ್ತೈದು ನಡೆಗಳನ್ನು ಹುಡುಕಿ, ಮುಂದಿನ ನಡೆಯನ್ನು ಕಾಗದದಿಂದ ಮುಚ್ಚಿಕೊಂಡು, ಮನೆಯ ಮಕ್ಕಳ ಜೊತೆ ಆಡಿಸಿ ನೋಡಿ. ಇಪ್ಪತ್ತೆರಡನೆಯ ನಡೆ ಬಂದಾಗ ಕಾಗದ ಸರಿಸುವ ಮೊದಲು ಐದು ನಿಮಿಷ ಸುಮ್ಮನೆ ಕೂತಿರಿ. ಮಕ್ಕಳು ‘ಬೇಗ ತೋರ್ಸಿ’ ಎಂದು ಪೀಡಿಸುತ್ತಾರೆ. ಏನು ಹೇಳಬೇಕೆಂದು ನಿಮಗೆ ಈಗ ಗೊತ್ತಿದೆ, ತೆಲುಗಿನಲ್ಲೇ ಹೇಳಿ.